ದೊರೆಯ ಕೊಳದ ಮೀನು

ನನ್ನ ಗಂಡನಿಗೆ ಬೇಲ್ ದೇವರ ಗುಡಿಯ ದೊಡ್ಡ ಪೂಜಾರಿಕೆ ಸಿಕ್ಕಿತೆಂದು ಸುದ್ದಿ ಬಂದ ದಿನ ಓಣಿಯ ಹೆಂಗಸರೆಲ್ಲ ನಮ್ಮ ಮನೆಗೆ ಬಂದರು. ಸಂತೋಷಕ್ಕೆ ಬಂದವರ ಹಾಗಿರಲಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಮಾತಾಡಿದರು, ನನ್ನ ಬೆನ್ನು ಸವರಿದರು. ಒಬ್ಬಳಂತೂ ಖರ್ಜೂರದ ಉಂಡೆ ತಂದು, "ನಿನ್ನ ಗಂಡ ಲಾಬಾಶಿಗೆ ಇಷ್ಟ ಅಲ್ವೇನೇ ಇನ್ಸಬ್ತು, ಇರೋ ತನಕ ತಿನ್ಲಿ" ಅಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಉಂಡೆಯನ್ನು ಒಳಗಿಟ್ಟೆ.

ಅವರ ತಪ್ಪೇನೂ ಇರಲಿಲ್ಲ. ಬಾಬಿಲೋನಿನಲ್ಲಿ ಆ ಕೆಲಸಕ್ಕೆ ವರ್ಷವೆಲ್ಲ ಮರ್ಯಾದೆ, ಒಂದು ದಿನ ಮಾತ್ರ ಕತ್ತಿಯ ಅಲಗಿನ ಮೇಲಿನ ನಡಿಗೆ. ಹೊಸ ವರ್ಷದ ಹಬ್ಬದ ಐದನೆಯ ದಿನ ದೊರೆ ಗರ್ಭಗುಡಿಗೆ ಬರುತ್ತಾನೆ. ದೊಡ್ಡ ಪೂಜಾರಿ ಅವನ ಕಿರೀಟ, ಉಂಗುರ, ಗದೆ ಎಲ್ಲ ಕಳಚಿಸಿಕೊಂಡು ದೇವರ ಮುಂದಿಡುತ್ತಾನೆ. ಆಮೇಲೆ ದೊರೆಯ ಕೆನ್ನೆಗೆ ಹೊಡೆಯುತ್ತಾನೆ. ಕಿವಿ ಹಿಡಿದೆಳೆದು ಮಂಡಿಯೂರಿಸುತ್ತಾನೆ. ನಿನ್ನ ಊರಿಗೆ ಕೆಡುಕು ಮಾಡಿಲ್ಲ, ಯಾರಿಗೂ ಅನ್ಯಾಯ ಮಾಡಿಲ್ಲ ಎಂದು ದೊರೆ ದೇವರಿಗೆ ಒಪ್ಪಿಸಬೇಕು. ಕಿರೀಟ ತಿರುಗಿ ತೊಡಿಸುವ ಮೊದಲು ಇನ್ನೊಂದು ಏಟು. ಆಗ ಕಣ್ಣೀರು ಬಂದರೆ ಬೇಲ್ ಒಲಿದಿದ್ದಾನೆ, ವರ್ಷ ಚೆನ್ನಾಗಿರುತ್ತದೆ. ಬಾರದಿದ್ದರೆ ಬೇಲ್ ಮುನಿದಿದ್ದಾನೆ, ಶತ್ರು ಏಳುತ್ತಾನೆ, ದೊರೆ ಬೀಳುತ್ತಾನೆ. ಒಳಗೆ ಇರುವವರು ದೇವರು, ದೊರೆ, ಪೂಜಾರಿ ಅಷ್ಟೇ. ದೇವರು ಬಾಯಿ ಬಿಡುವುದಿಲ್ಲ, ದೊರೆಯೂ ಬಿಡುವುದಿಲ್ಲ. ಏನಾದರೂ ಎಡವಟ್ಟಾದರೆ ಬಾಯಿ ಮುಚ್ಚಿಸಲು ಉಳಿಯುವವನು ಪೂಜಾರಿಯೊಬ್ಬನೇ.

ದೊರೆ ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ನಮ್ಮ ದೊರೆ ರೀಮುತ್-ಬೇಲ್ ತನ್ನ ನೆರಳು ಕಂಡರೂ ಯಾರು ಕಳಿಸಿದ್ದು ಎಂದು ಕೇಳುವ ಮನುಷ್ಯ. ಸ್ವಂತ ತಮ್ಮನನ್ನು ಗಡಿಯ ಕೋಟೆಗೆ ಅಟ್ಟಿದ್ದ. ಕ್ಷೌರದ ಕತ್ತಿ ಕುತ್ತಿಗೆಯ ಹತ್ತಿರ ಬರಬಾರದೆಂದು ಗಡ್ಡವನ್ನು ಹೊಟ್ಟೆಯವರೆಗೆ ಬಿಟ್ಟಿದ್ದ. ಅವನ ಊಟವನ್ನು ಮೊದಲು ಅಡುಗೆಯವನು ತಿನ್ನಬೇಕು, ಆಮೇಲೆ ಬಡಿಸುವವನು, ಆಮೇಲೆ ಅವರಿಬ್ಬರನ್ನೂ ಕಾಯುವವನು. ಅಷ್ಟು ಹೊತ್ತಿಗೆ ತಟ್ಟೆಯಲ್ಲಿ ಎಲುಬು ಉಳಿಯುತ್ತಿತ್ತೆಂದು ಊರಲ್ಲಿ ನಗುತ್ತಿದ್ದರು. ಅದೂ ಬಾಗಿಲು ಹಾಕಿಕೊಂಡು.

ಹೋದ ವರ್ಷ ದೊಡ್ಡ ಪೂಜಾರಿಯಾಗಿದ್ದವನು ಮುದುಕ ಕಲ್ಬಾಯ. ಕೆನ್ನೆಯೇಟಿನ ದಿನ ಸಂಜೆ ಅರಮನೆಯಿಂದ ಅವನ ಮನೆಗೆ ಒಂದು ಬುಟ್ಟಿ ಮೀನು ಬಂತು, ದೊರೆಯ ಸ್ವಂತ ಕೊಳದ್ದು. ಹಬ್ಬ ಮುಗಿಯುವಷ್ಟರಲ್ಲಿ ಕಲ್ಬಾಯ ಹೊಟ್ಟೆ ಹಿಡಿದುಕೊಂಡು ಹೊರಳಾಡಿ ಸತ್ತ. ಅರಮನೆಯವರು ಕೊಳ ನೋಡಿಕೊಳ್ಳುತ್ತಿದ್ದ ಅರ್ದಿಯನನ್ನು ಹಿಡಿದರು. ಮೀನಿಗೆ ವಿಷ ಹಾಕಿದವನು ಅವನೇ ಎಂದು ದೊರೆಗೆ ಅನುಮಾನ. ಅನುಮಾನ ಬಂದ ಮೇಲೆ ತೀರ್ಪು ಹೇಳುವುದು ನದಿ. ಅರ್ದಿಯನನ್ನು ನದಿಗೆ ಇಳಿಸಿದರು. ನಿರಪರಾಧಿಯಾಗಿದ್ದರೆ ನದಿ ತೇಲಿಸಿ ಕೊಡುತ್ತದೆ. ನದಿ ಅವನನ್ನು ಇಟ್ಟುಕೊಂಡಿತು. ಅಲ್ಲಿಗೆ ಅಪರಾಧ ಸಾಬೀತಾಯಿತು.

ಊರು ಇದನ್ನು ನಂಬಲಿಲ್ಲ. ಗರ್ಭಗುಡಿಯಲ್ಲಿ ಕಣ್ಣೀರು ಬರಲಿಲ್ಲ, ಅದನ್ನು ಕಂಡವನು ಕಲ್ಬಾಯ, ಅದಕ್ಕೇ ದೊರೆಯೇ ವಿಷ ಹಾಕಿಸಿ ಪಾಪದ ಅರ್ದಿಯನ ತಲೆಗೆ ಕಟ್ಟಿದ ಎಂದು ಮಾತು. ನಾನೂ ಹಾಗೇ ನಂಬಿದ್ದೆ. ಅರ್ದಿಯ ನಮ್ಮ ಓಣಿಯ ಕೊನೆಯ ಮನೆಯವನು, ನೊಣಕ್ಕೂ ದಾರಿ ಬಿಟ್ಟುಕೊಡುತ್ತಿದ್ದ ಜೀವ. ದೋಣಿ ಹತ್ತಲು ಹೆದರಿ ಸುತ್ತು ಹಾಕಿ ಸೇತುವೆಯ ಮೇಲೆ ಹೋಗುತ್ತಿದ್ದ.

ಈಗ ಕಲ್ಬಾಯನ ಜಾಗಕ್ಕೆ ನನ್ನ ಲಾಬಾಶಿ. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಬರೀ ಒಳ್ಳೆಯತನವಲ್ಲ, ಬುದ್ಧಿ ಅಷ್ಟು ಬೇಗ ಓಡುವುದಿಲ್ಲ. ಅಂಗೈ ಮಾತ್ರ ರೊಟ್ಟಿಯ ಹಲಗೆಯಷ್ಟು ಅಗಲ. ಹುಟ್ಟಿದಾಗಿನಿಂದ ಧೂಪದ ಹೊಗೆಯಲ್ಲೇ ಬೆಳೆದು ಮೂಗು ಸತ್ತು ಹೋಗಿದೆ. ಮನೆಯಲ್ಲಿ ರೊಟ್ಟಿ ಸೀದು ಕರಕಲಾಗಿ ನಾನು ಕೆಮ್ಮುತ್ತಿದ್ದರೆ, "ನೆಗಡಿಯಾ?" ಎಂದು ಕೇಳುವ ಆಸಾಮಿ. ಗುಡಿಯ ಪೂಜಾರಿಗಳದೆಲ್ಲ ಅದೇ ಕತೆ.

ಹಬ್ಬ ಹತ್ತಿರ ಬಂದಾಗ ದೊರೆ ಅವನನ್ನು ಕರೆಸಿದ. ತಿರುಗಿ ಬಂದು ಊಟಕ್ಕೆ ಕೂತವನ ಮುಖದಲ್ಲಿ ಏನೂ ತಿಳಿಯಲಿಲ್ಲ.

"ಏನಂದ್ರು?" ಅಂದೆ.

"ಕೈ ತೋರಿಸು ಅಂದ್ರು. ತೋರಿಸ್ದೆ. ಉಂಗುರ ಇದ್ಯಾ ಅಂತ ಒಂದೊಂದು ಬೆರಳೂ ಹಿಡಿದು ನೋಡಿದ್ರು."

"ಆಮೇಲೆ?"

"ಮೆತ್ತಗೆ ಹೊಡೆದ್ರೆ ದೇವರಿಗೆ ದ್ರೋಹ, ಜೋರಾಗಿ ಹೊಡೆದ್ರೆ ನನಗೆ ದ್ರೋಹ. ನೀನು ಯಾರಿಗೆ ಮಾಡೋನು, ಅಂದ್ರು."

"ನೀವೇನಂದ್ರಿ?"

"ಗೊತ್ತಿಲ್ಲ ಅಂದೆ."

"ಅಯ್ಯೋ ನಿಮ್ಮ ಬಾಯಿಗಿಷ್ಟು ಮಣ್ಣು! ದೊರೆ ಎದುರು ನಿಂತ್ಕೊಂಡು ಗೊತ್ತಿಲ್ಲ ಅಂದ್ರಾ?"

"ಗೊತ್ತಿರ್ಲಿಲ್ಲ ಕಣೇ," ಅಂದು ರೊಟ್ಟಿ ಮುರಿದ.

ಮರುದಿನದಿಂದಲೇ ನಮ್ಮ ಬಾಗಿಲ ಎದುರು ಒಬ್ಬ ಸೊಪ್ಪು ಮಾರುವವನು ಬಂದು ಕೂತ. ಹಿಡಿ ಸೊಪ್ಪಿಗೆ ಎಷ್ಟು ಬಾರ್ಲಿ ಕೊಡಬೇಕು ಎಂದರೆ, "ನೀವೇ ಹೇಳಿ ಅಮ್ಮ" ಅಂದ. ಬೆಲೆ ಗಿರಾಕಿಗೆ ಬಿಡುವ ವ್ಯಾಪಾರಿಯನ್ನು ಬಾಬಿಲೋನಿನಲ್ಲಿ ಯಾರಾದರೂ ಕಂಡಿದ್ದೀರಾ? ಸೊಪ್ಪು ಬಾಡಿ ನೇತಾಡುತ್ತಿದ್ದರೂ ನೀರು ಚಿಮುಕಿಸುತ್ತಿರಲಿಲ್ಲ, ಕಣ್ಣು ಮಾತ್ರ ನಮ್ಮ ಬಾಗಿಲ ಮೇಲೆ. ಯಾರು ಬಂದರು, ಏನು ತಂದರು, ಏನು ಹೊರಗೆ ಚೆಲ್ಲಿದೆವು ಎಲ್ಲ ನೋಡುತ್ತಿದ್ದ. ಬೇಕೆಂದೇ ಮುಸುರೆ ನೀರನ್ನು ಅವನ ಕಾಲ ಹತ್ತಿರ ಚೆಲ್ಲುತ್ತಿದ್ದೆ. ಪಕ್ಕಕ್ಕೆ ಸರಿದು ಕೂರುತ್ತಿದ್ದ, ಬೈಯುತ್ತಿರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಕಲ್ಬಾಯನ ಹೆಂಡತಿ ಹಮ್ಮಾಯಳನ್ನು ಕಾಣಲು ಹೋದೆ. ಕದಿರು ತಿರುಗಿಸುತ್ತ ಕೂತಿದ್ದಳು. ಬಾಗಿಲು ಹಾಕಿ ಬಾ ಅಂದಳು. ಹಾಕಿ ಬಂದೆ.

"ಒಂದೇ ಒಂದು ಮಾತು ಹೇಳಿ ಅಕ್ಕ. ಅವತ್ತು ಕಣ್ಣೀರು ಬಂತಾ, ಇಲ್ವಾ?"

ಕದಿರು ನಿಲ್ಲಿಸಿದಳು. "ಸಾಯೋ ಹೊತ್ನಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರು. ಬರ್ಲಿಲ್ವಂತೆ. ಎರಡನೇ ಏಟಿಗೂ ಬರ್ಲಿಲ್ಲ. ಕಲ್ಲಿಗೆ ಹೊಡೆದ ಹಾಗಿತ್ತಂತೆ. ಹೊರಗೆ ಬಂದು, ಬಂತು ಅಂತ ಸಾರಿಬಿಟ್ರು. ದೊರೆ ಉಳೀಲಿ ಅಂತ ಹೇಳಿದ ಸುಳ್ಳು. ಅವನೇನು ಕೊಟ್ಟ? ಮೀನು ಕೊಟ್ಟ."

"ಬಂದ ದಿನವೇ ತಿಂದ್ರಾ?"

"ಎಲ್ಲಿ ತಿಂತಾರೆ? ದೇವರು ಊರ ಹೊರಗಿನ ಹಬ್ಬದ ಮನೆಗೆ ಹೋಗಿ ತಿರುಗಿ ಬರೋ ತನಕ ದೊಡ್ಡ ಪೂಜಾರಿ ಮೀನು ಮುಟ್ಟೋ ಹಾಗಿಲ್ವಲ್ಲ. ಉಪ್ಪು ಸವರಿ ಮಡಕೇಲಿ ಇಟ್ಟಿದ್ದೆ. ದೇವರು ಬಂದ ದಿನ ತಿಂದ್ರು." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅರ್ದಿಯನ ಕೈಲೇ ಮಾಡಿಸಿದಾನೆ ಕಣೇ ಆ ಪಾಪಿ. ಅವನ ಹೆಂಡ್ತಿ ಸಂತೇಲಿ ಎದುರು ಬಂದ್ಳು. ಮುಖಕ್ಕೆ ಉಗುಳಿದೆ."

ನನಗೆ ಬೇಕಾದದ್ದು ಸಿಕ್ಕಿತ್ತು. ಕಣ್ಣೀರು ಬರಲಿಲ್ಲ, ಅದಕ್ಕೇ ಮನುಷ್ಯ ಸತ್ತ. ಹಾಗಾದರೆ ಕಣ್ಣೀರು ಬರಬೇಕು. ದೇವರು ತರಿಸಿದರೆ ಸರಿ, ತರಿಸದಿದ್ದರೆ ನನ್ನ ಅಡುಗೆಮನೆ ಇದೆ.

ಐದನೆಯ ದಿನ ಬೆಳಕು ಹರಿಯುವ ಮುಂಚೆ ಲಾಬಾಶಿ ನದಿಯಲ್ಲಿ ಮಿಂದು ಬಂದ. ಮಿಂದ ಮೇಲೆ ಕೈಗೆ ಎಳ್ಳೆಣ್ಣೆ ಸವರಿಕೊಳ್ಳುವುದು ಪದ್ಧತಿ. ಆ ಎಣ್ಣೆಯನ್ನು ನಾನೇ ಬೆಚ್ಚಗೆ ಮಾಡಿ ತಂದೆ. ಹಿಂದಿನ ದಿನವೆಲ್ಲ ಅದರಲ್ಲಿ ಕೆಂಪು ಈರುಳ್ಳಿಯನ್ನೂ ಸಾಸಿವೆಯನ್ನೂ ಅರೆದು ನೆನೆಹಾಕಿದ್ದೆ. ಅರೆಯುವಾಗ ನಾನು ಅತ್ತ ಕಣ್ಣೀರಿಗೆ ದೇಶಕ್ಕೆ ಹತ್ತು ವರ್ಷ ಸುಭಿಕ್ಷ ಬರಬೇಕಿತ್ತು. ಲಾಬಾಶಿ ಅಂಗೈ, ಬೆರಳ ಸಂದು ಎಲ್ಲ ಸವರಿಕೊಂಡ.

"ಇವತ್ತು ಎಣ್ಣೆ ಒಂಥರಾ ಬಿಸಿ ಇದೆ," ಅಂದ.

"ಹಬ್ಬದ ದಿನ ಅಲ್ವಾ," ಅಂದೆ.

ಅವನು ಹೋದ ಮೇಲೆ ಗುಡಿಯ ಹೊರಗಿನ ಗುಂಪಿನಲ್ಲಿ ನಿಂತೆ. ಅಷ್ಟು ಜನ ಸೇರಿದ್ದರೂ ಒಬ್ಬರ ಉಸಿರೂ ಕೇಳುತ್ತಿರಲಿಲ್ಲ. ದೊರೆ ಹೊರಗೆ ಬಂದ. ಕಣ್ಣು ಕೆಂಡದ ಹಾಗೆ ಕೆಂಪು, ನೀರು ಇಳಿದು ಗಡ್ಡ ಒದ್ದೆ. ಜನ ಹೋ ಎಂದು ಕೂಗಿದರು. ಕಾವಲುಗಾರರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನ ಪಕ್ಕದಲ್ಲಿದ್ದ ಮುದುಕಿ, "ಎಂಥ ಭಕ್ತಿ ನೋಡಮ್ಮ" ಎಂದು ತಾನೂ ಅತ್ತಳು. ಗೆದ್ದೆ ಅಂದುಕೊಂಡೆ.

ಲಾಬಾಶಿ ಮನೆಗೆ ಬಂದು ಒಳಗೆ ಚಾಪೆಯ ಮೇಲೆ ಕೂತ, ಎರಡೂ ಕೈಯನ್ನು ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು.

"ಒಳಗಿಂದು ಹೊರಗೆ ಹೇಳಬಾರ್ದು. ಆದ್ರೆ ಇದು ನಿನ್ನಿಂದ ಆಗಿದ್ದು. ಎಣ್ಣೇಲಿ ಏನು ಹಾಕಿದ್ದೆ?"

ನಾನು ಅವನಿಗೆ ಕೈ ತೊಳೆಯಲು ನೀರು ತಂದಿಟ್ಟೆ.

"ಮೊದಲ್ನೇ ಏಟು ಕೊಟ್ಟೆ. ದೊರೆ ಸುಮ್ನೆ ನಿಂತಿದ್ರು. ಕಿವಿ ಹಿಡಿದೆ. ಕೂತ್ಕೊಂಡು, ಯಾರಿಗೂ ಅನ್ಯಾಯ ಮಾಡಿಲ್ಲ ಅಂತ ಒಪ್ಪಿಸಿದ್ರು. ಎರಡನೇ ಏಟಿಗೆ ಕೈ ಕಣ್ಣಿನ ಹತ್ರ ತಾಗ್ತು. ನೀರು ಬಂತು. ನಂಗೂ ಖುಷಿ ಆಯ್ತು. ಆಗ ನನ್ನ ಕೈ ಹಿಡಿದು ಮೂಸಿದ್ರು. ಈರುಳ್ಳಿ ಅಂದ್ರು. ಯಾರ ಕೆಲಸ ಇದು ಅಂದ್ರು."

"ನೀವೇನಂದ್ರಿ?"

"ನನ್ನ ಹೆಂಡ್ತೀದೇ ಇರಬೇಕು ಅಂದೆ."

"ಅಂದ್ರಾ!"

"ಇನ್ಯಾರು ಇದಾರೆ ಮನೇಲಿ?"

ತಲೆಯ ಮೇಲೆ ಕೈ ಹೊತ್ತು ಕೂತೆ. ನಮ್ಮಿಬ್ಬರ ಕುತ್ತಿಗೆಯನ್ನೂ ನಾನೇ ನನ್ನ ಕೈಯಾರೆ ಅರೆದು ಕೊಟ್ಟಿದ್ದೆ. ದೇವರ ಮುಂದೆ ದೊರೆ ಅತ್ತ ಅಳು ಅಡುಗೆಮನೆಯದು ಎಂದು ಗೊತ್ತಿರುವವರು ಈಗ ಇಡೀ ನಾಡಿನಲ್ಲಿ ಮೂವರು. ಅವರಲ್ಲಿ ದೊರೆಗೆ ಬೇಡವಾದವರು ಇಬ್ಬರು.

"ದೊರೆ ಏನಂದ್ರು ಆಮೇಲೆ?"

"ಏನೂ ಅನ್ಲಿಲ್ಲ. ಮೂಗಲ್ಲಿ ಒಂಥರಾ ಸದ್ದು ಮಾಡಿದ್ರು. ನಗುವೋ ಕೋಪವೋ ತಿಳೀಲಿಲ್ಲ. ಕಿರೀಟ ಕೊಡು ಅಂದ್ರು, ಕೊಟ್ಟೆ."

ಸಂಜೆ ಬಾಗಿಲು ಬಡಿದ ಸದ್ದಾಯಿತು. ಅರಮನೆಯ ಆಳು, ಕೈಯಲ್ಲಿ ಬುಟ್ಟಿ. ಮೇಲೆ ಹಸಿ ಜೊಂಡು, ಕೆಳಗೆ ಬೆಳ್ಳಿಯ ಹಾಗೆ ಹೊಳೆಯುವ ಮೀನು.

"ದೊರೆಯ ಸ್ವಂತ ಕೊಳದ್ದು. ಅವರೇ ಹಿಡಿದಿದ್ದು," ಅಂದ ಆಳು. "ಈರುಳ್ಳಿ ಹಾಕಿ ಬೇಯಿಸ್ಬೇಕಂತೆ. ದೇವರು ಗುಡಿಗೆ ಬಂದ ಮಾರನೇ ದಿನ ಗಂಡ ಹೆಂಡ್ತಿ ಇಬ್ರೂ ಬಂದು ರುಚಿ ಹೇಗಿತ್ತು ಅಂತ ಹೇಳ್ಬೇಕಂತೆ."

ಎದುರಿಗೆ ಸೊಪ್ಪಿನವನು ಕತ್ತು ಉದ್ದ ಮಾಡಿ ನೋಡುತ್ತಿದ್ದ. ಬುಟ್ಟಿಯನ್ನು ಒಳಗೆ ತಂದು ಅಗುಳಿ ಹಾಕಿದೆ. ಎಸೆಯುವ ಹಾಗಿಲ್ಲ, ಅವನ ಕಣ್ಣಿದೆ. ಇಟ್ಟರೆ ದೇವರು ಬಂದ ದಿನ ಲಾಬಾಶಿ ತಿನ್ನಲೇಬೇಕು, ತಿಂದು ರುಚಿ ಹೇಳಲೇಬೇಕು. ಏನೂ ತೋಚಲಿಲ್ಲ. ಆಮೇಲೆ ಒಂದು ತೋಚಿತು. ಪೂಜಾರಿ ಮೀನು ಮುಟ್ಟಬಾರದು, ಪೂಜಾರಿಯ ಹೆಂಡತಿಗೆ ಯಾರೂ ಬೇಡ ಅಂದಿಲ್ಲ.

ಒಲೆ ಹೊತ್ತಿಸಿದೆ. ಎಲ್ಲ ಮೀನಿನಿಂದಲೂ ಒಂದೊಂದು ತುಂಡು ಕತ್ತರಿಸಿ, ಈರುಳ್ಳಿ ಜೀರಿಗೆ ಹಾಕಿ ಬೇಯಿಸಿದೆ. ತಟ್ಟೆ ಹಿಡಿದು ಕೂತಾಗ ಲಾಬಾಶಿಗೆ ಅರ್ಥವಾಯಿತು.

"ಬೇಡ ಇನ್ಸಬ್ತು."

"ಸುಮ್ನಿರಿ."

"ನಾಯಿಗೆ ಹಾಕೋಣ."

"ನಾಯಿ ಹೊರಗಿದೆ, ಅವನು ನೋಡ್ತಾನೆ. ದೊರೆ ಮೀನು ನಾಯಿಗೆ ಹಾಕಿದ್ರು ಅಂತ ಅದಕ್ಕೊಂದು ತಲೆ ಹೋಗುತ್ತೆ."

ತಟ್ಟೆ ಕಿತ್ತುಕೊಳ್ಳಲು ಕೈ ಚಾಚಿದ, ಹಿಂದೆಗೆದ. ಮೀನು ಮುಟ್ಟುವ ಹಾಗಿಲ್ಲವಲ್ಲ. ಆ ದೊಡ್ಡ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಸೆರಗು ಹಿಡಿದುಕೊಂಡು ಕೂತ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅಳುವುದನ್ನು ಅವತ್ತೇ ನೋಡಿದ್ದು. ನಾನು ತಿಂದೆ. ಹೆದರಿಕೆಯಲ್ಲಿ ಮೊದಲ ತುತ್ತನ್ನು ಅಗಿಯದೆ ನುಂಗಿದೆ. ಎರಡನೆಯದರಿಂದ ರುಚಿ ಗೊತ್ತಾಯಿತು. ಹೇಳಲು ನಾಚಿಕೆ, ಅಷ್ಟು ಸಿಹಿಯಾದ ಮೀನನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಬೆಳಗಾದಾಗ ಬದುಕಿದ್ದೆ. ಮಾರನೆಯ ದಿನವೂ ಬದುಕಿದ್ದೆ. ಹಾಗಾದರೆ ನಿಧಾನದ ವಿಷ ಅಂದುಕೊಂಡೆ. ಹೊಟ್ಟೆ ಗುಡುಗುಡು ಎಂದರೆ ಇದೇ ಇರಬೇಕು, ಅನ್ನದಿದ್ದರೆ ಇನ್ನೂ ಮೋಸದ್ದಿರಬೇಕು. ಉಳಿದದ್ದಕ್ಕೆ ಉಪ್ಪು ಸವರಿ ಮಡಕೆಯಲ್ಲಿ ಹಾಕಿ, ಬಾಯಿ ಕಟ್ಟಿ ಮೂಲೆಯಲ್ಲಿಟ್ಟಿದ್ದೆ. ಬಿಸಿಲು ಆಗಲೇ ಚುರುಗುಟ್ಟಲು ಶುರುವಾಗಿತ್ತು. ದೇವರುಗಳು ಮೆರವಣಿಗೆಯಲ್ಲಿ ಹೋದರು, ದೋಣಿ ಹತ್ತಿದರು, ಹಬ್ಬದ ಮನೆಯಲ್ಲಿ ಇದ್ದು ತಿರುಗಿ ಬಂದರು. ಊರೆಲ್ಲ ಬಿಯರ್ ಕುಡಿದು ಹಾಡುತ್ತಿತ್ತು. ನಾನು ಮಾತ್ರ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ದೇವರು ಗುಡಿ ಸೇರಿದ ಮಧ್ಯಾಹ್ನ ಲಾಬಾಶಿ ಕೈ ತೊಳೆದು ಬಂದು ಕೂತ. ನಾನು ಇನ್ನೂ ಉಸಿರಾಡುತ್ತಿದ್ದುದರಿಂದ ಅವನಿಗೆ ಧೈರ್ಯ ಬಂದಿತ್ತು. "ಬಡಿಸು. ನಾಳೆ ದೊರೆ ಕೇಳ್ತಾರೆ," ಅಂದ.

ಮಡಕೆಯ ಬಟ್ಟೆ ಬಿಚ್ಚಿದೆ. ವಾಸನೆ ಮುಖಕ್ಕೆ ಹೊಡೆದು ನಾಲ್ಕು ಹೆಜ್ಜೆ ಹಿಂದೆ ಬಂದೆ. ಮೀನು ಒಳಗೊಳಗೇ ಕೊಳೆತಿತ್ತು, ಮೇಲೆ ಮಾತ್ರ ಉಪ್ಪು ಬೆಳ್ಳಗಿತ್ತು.

ಲಾಬಾಶಿ ಮಡಕೆಯೊಳಗೆ ಇಣುಕಿ, "ಉಪ್ಪು ಚೆನ್ನಾಗಿ ಹಿಡಿದಿದೆ. ಯಾಕೆ ಹಾಗೆ ನಿಂತೆ?" ಅಂದ. ಕೈಯನ್ನೂ ಹಾಕಿದ.

ಆ ಕೈ ನೋಡುತ್ತಿದ್ದ ಹಾಗೆ ಕಲ್ಬಾಯನ ಮೂಗೂ ಹೀಗೇ ಸತ್ತಿತ್ತೆಂದು ನೆನಪಾಯಿತು. ಅವನ ಮಣಿಕಟ್ಟು ಹಿಡಿದೆಳೆದು ಹೊರಗೆ ನೂಕಿ, ಮಡಕೆ ಮುಚ್ಚಿ, ಹಮ್ಮಾಯಳ ಮನೆಗೆ ಓಡಿದೆ. ಸೊಪ್ಪಿನವನು ಎದ್ದು ಹಿಂದೆಯೇ ಬಂದ. ಬರಲಿ ಅಂದುಕೊಂಡೆ.

"ಅಕ್ಕ, ಹೋದ ವರ್ಷ ಮಡಕೆ ಬಿಚ್ಚಿದಾಗ ವಾಸನೆ ಬಂದಿತ್ತಾ?"

ಹಮ್ಮಾಯ ನನ್ನನ್ನೇ ನೋಡಿದಳು. "ಬಂದಿತ್ತು."

"ಎಸೀಲಿಲ್ಲ ಯಾಕೆ?"

"ದೊರೆ ಮೀನು ಕಣೇ! ಬಾಗಿಲಲ್ಲಿ ಒಬ್ಬ ಮಡಕೆ ಮಾರೋನು ಕೂತಿದ್ದ, ಎಸೆದ್ರೆ ನೋಡಿ ಹೇಳಲ್ವಾ? ಇವರಿಗೆ ವಾಸನೆ ತಿಳೀತಿರ್ಲಿಲ್ಲ. ಬೆಳ್ಳುಳ್ಳಿ ಜಾಸ್ತಿ ಹಾಕಿ ಹುರಿದೆ. ಚೆನ್ನಾಗಿದೆ ಅಂತ ತಿಂದ್ರು. ನಂಗೆ ಗಂಟಲಲ್ಲಿ ಇಳೀಲಿಲ್ಲ, ನಾನು..."

ಕದಿರು ಕೈಯಿಂದ ಜಾರಿ ನೆಲದ ಮೇಲೆ ಉರುಳುತ್ತ ಹೋಯಿತು. ಕೊಳೆತ ಮೀನನ್ನು ತಾನೇ ಬಡಿಸಿದ್ದೆಂದು ಅವಳಿಗೇ ಹೊಳೆದಿತ್ತು. ಅವಳ ಮುಖ ನೋಡಲಾರದೆ ಅವಳ ಕಾಲು ಹಿಡಿದುಕೊಂಡು ಕೂತೆ. ಅವಳು, "ಅರ್ದಿಯನ ಹೆಂಡ್ತಿ ಮುಖಕ್ಕೆ ಉಗುಳಿದ್ದೆ ಕಣೇ. ತಿರುಗಿ ಒಂದು ಮಾತಾಡ್ಲಿಲ್ಲ ಅವಳು" ಅಂದಳು. ಆಮೇಲೆ, "ದೊರೆಗೆ ಹೇಳು ಹೋಗು. ಯಾರಾದ್ರೂ ಹೇಳ್ಬೇಕು" ಅಂದಳು.

ಮರುದಿನ ನಮ್ಮನ್ನು ಅರಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದರು. ದೊರೆ ಕೊಳದ ಅಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ರೊಟ್ಟಿಯ ಚೂರು ನೀರಿಗೆ ಹಾಕುತ್ತಿದ್ದ, ಮೀನುಗಳು ಅವನ ಬೆರಳಿನವರೆಗೆ ಬಂದು ತಿನ್ನುತ್ತಿದ್ದವು. ಯಾರ ಕೈಯನ್ನೂ ನಂಬದವನು ತಾನೇ ಹಿಡಿದು, ತಾನೇ ಸುಟ್ಟು ತಿನ್ನುವುದು ಈ ಮೀನನ್ನು ಮಾತ್ರವಂತೆ, ದಾರಿಯಲ್ಲಿ ಆಳು ಹೇಳಿದ್ದ. ಹತ್ತಿರದಿಂದ ನೋಡಿದರೆ ದೊರೆ ಹೆದರಿಸುವ ಹಾಗಿರಲಿಲ್ಲ, ನಿದ್ದೆಗೆಟ್ಟವನ ಹಾಗಿದ್ದ.

"ಬಾ ತಾಯಿ, ಈರುಳ್ಳಿಯವಳು," ಅಂದ. ಆಮೇಲೆ ಲಾಬಾಶಿಯ ಕಡೆ ತಿರುಗಿ, "ಮೀನು ಹೇಗಿತ್ತು?"

"ನಾನು ತಿನ್ಲಿಲ್ಲ ದೊರೆ."

ಹಿಂದೆ ನಿಂತ ಕಾವಲುಗಾರ ಕಾಲು ಬದಲಿಸಿದ ಸದ್ದು ಕೇಳಿಸಿತು.

"ಯಾಕೆ? ವಿಷ ಅಂದ್ಕೊಂಡ್ಯಾ?"

"ನಾನಲ್ಲ. ಇವಳು ಅಂದ್ಕೊಂಡ್ಳು."

ನನ್ನ ಗಂಡನನ್ನು ಅಲ್ಲೇ ಕೊಳಕ್ಕೆ ನೂಕಬೇಕೆನಿಸಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮುಂದೆ ಬಂದೆ.

"ಹೌದು ದೊರೆ, ಅಂದ್ಕೊಂಡೆ. ಊರೇ ಅಂದ್ಕೊಂಡಿದೆ. ಅದಕ್ಕೇ ಬಂದ ದಿನವೇ ನಾನು ಮೊದಲು ತಿಂದೆ."

ರೊಟ್ಟಿ ಹಿಡಿದ ಕೈ ಹಾಗೇ ನಿಂತಿತು. "ನೀನು ತಿಂದ್ಯಾ? ತಿನ್ನು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ಇವನು ಹೇಳಿದ್ನಾ?"

"ಬೇಡ ಅಂದ್ರು. ಅತ್ರು."

ದೊರೆ ಲಾಬಾಶಿಯನ್ನು ನೋಡಿದ, ನನ್ನನ್ನು ನೋಡಿದ. ಇದರಲ್ಲಿ ಏನು ಸಂಚಿದೆ ಎಂದು ಹುಡುಕುತ್ತಿದ್ದಾನೆ ಅನ್ನಿಸಿತು. ಸಿಗಲಿಲ್ಲವೇನೋ, ನೀರಿನ ಕಡೆ ತಿರುಗಿ, "ನನ್ನ ಊಟ ತಿಂದು ನೋಡೋರನ್ನ ಭರ್ಜಿ ತೋರಿಸಿ ಕೂರಿಸ್ಬೇಕು" ಅಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

"ತುಂಬ ಸಿಹಿ ಇತ್ತು ದೊರೆ," ಅಂದೆ. "ಅದ್ರಲ್ಲಿ ವಿಷ ಇರ್ಲಿಲ್ಲ. ಹೋದ ವರ್ಷದ್ರಲ್ಲೂ ಇರ್ಲಿಲ್ಲ." ಆಮೇಲೆ ಎಲ್ಲ ಹೇಳಿದೆ. ಪೂಜಾರಿ ದೇವರು ಬರುವ ತನಕ ಮೀನು ಮುಟ್ಟಬಾರದೆಂಬುದು, ಮಡಕೆ, ಬಿಸಿಲು, ಧೂಪಕ್ಕೆ ಸತ್ತ ಮೂಗು, ಬೆಳ್ಳುಳ್ಳಿ. ನಮ್ಮದೂ ಹಾಗೇ ಕೊಳೆತದ್ದು.

"ಕೊಳೆತಿದ್ದನ್ನ ಯಾಕೆ ಎಸೀಲಿಲ್ಲ ಆ ಹೆಂಗಸು?"

"ಬಾಗಿಲಲ್ಲಿ ನಿಮ್ಮ ಮನುಷ್ಯ ಕೂತಿದ್ದ ದೊರೆ."

ದೊರೆ ಉಳಿದ ರೊಟ್ಟಿಯನ್ನೆಲ್ಲ ನೀರಿಗೆ ಬಿಟ್ಟ. ಮೀನುಗಳು ಇನ್ನೂ ಅವನ ಬೆರಳಿಗೆ ಬಾಯಿ ಹಾಕುತ್ತಿದ್ದವು. ತಗ್ಗಿದ ದನಿಯಲ್ಲಿ, "ಹಾಗಾದ್ರೆ ಅರ್ದಿಯ?" ಅಂದ.

"ಅವನದೇನೂ ತಪ್ಪಿರ್ಲಿಲ್ಲ ದೊರೆ," ಅಂದೆ.

"ನದಿ ಅವನನ್ನ ತಗೊಂಡಿತಲ್ಲ. ನದಿ ಸುಳ್ಳು ಹೇಳುತ್ತಾ?"

"ಅವನಿಗೆ ಈಜು ಬರ್ತಿರ್ಲಿಲ್ಲ ದೊರೆ," ಅಂದೆ. "ದೋಣಿ ಹತ್ತೋಕೂ ಹೆದರ್ತಿದ್ದ. ನಿಮ್ಮ ಈ ಕೊಳ ಮೊಣಕಾಲುದ್ದ ಇದೆ ಅಂತಲೇ ಈ ಕೆಲಸಕ್ಕೆ ಬಂದಿದ್ದ."

ಅವನ ಮುಖ ಒಮ್ಮೆಲೇ ಮುದುಕನ ಮುಖವಾಯಿತು. "ಈ ಮೀನಿಗೆಲ್ಲ ಹೆಸರಿಟ್ಟಿದ್ದ ಅವನು," ಅಂದ. "ಇಷ್ಟು ಜನರಲ್ಲಿ ಅವನೊಬ್ಬನಿಗೆ ಮಾತ್ರ ನಾನು ಹೆದರದೆ ಬೆನ್ನು ಕೊಟ್ಟು ಕೂರ್ತಿದ್ದೆ." ಕಣ್ಣಿನಿಂದ ನೀರು ಇಳಿಯಿತು, ಗಡ್ಡದೊಳಗೆ ಹೋಯಿತು, ನಿಲ್ಲಲಿಲ್ಲ. ಕಾವಲುಗಾರ ಬೇರೆ ಕಡೆ ಮುಖ ಮಾಡಿದ. ನಾನು ಇವನನ್ನು ಎಷ್ಟು ಶಪಿಸಿದ್ದೆ! ಆ ಗಳಿಗೆಯಲ್ಲಿ ನನಗೂ ಮರುಕ ಬಂತು, ಅರ್ದಿಯನಿಗಾಗಿಯೋ ಇವನಿಗಾಗಿಯೋ ಹೇಳಲಾರೆ.

ನಿಲುವಂಗಿಯ ಅಂಚಿನಿಂದ ಮುಖ ಒರೆಸಿಕೊಂಡು ದೊರೆ ತಲೆಯೆತ್ತಿದ. ಆ ಕಣ್ಣಿನಲ್ಲಿ ಅನುಮಾನ ಇರಲಿಲ್ಲ, ಅವತ್ತೊಂದು ದಿನ. ಏನೋ ಆಸೆ ಇತ್ತು.

"ಲಾಬಾಶಿ, ಗರ್ಭಗುಡೀಲಿ ಬಂದಿದ್ದು ಈರುಳ್ಳೀದು. ಇದು ನನ್ನದೇ. ಇದು ದೇವರ ಲೆಕ್ಕಕ್ಕೆ ಬರುತ್ತಾ?"

ಹೂಂ ಅನ್ನಿ, ಹೂಂ ಅಂದುಬಿಡಿ ಎಂದು ಗಂಡನ ಬೆನ್ನಿಗೆ ಚುಚ್ಚಿದೆ. ಕಲ್ಬಾಯನಂಥ ಮುದುಕನೇ ಒಂದು ಸುಳ್ಳು ಹೇಳಿದ್ದ. ಒಂದು ಮಾತು ಅಂದರೆ ಪ್ರಾಣ ಉಳಿಯುತ್ತದೆ, ಬಹುಮಾನವೂ ಸಿಗುತ್ತದೆ. ಲಾಬಾಶಿ ತನ್ನ ಅಗಲದ ಕೈಗಳನ್ನು ಕಟ್ಟಿಕೊಂಡು ಯೋಚಿಸಿದ.

"ಇಲ್ಲ ದೊರೆ," ಅಂದ. "ದೇವರು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡಾಯ್ತು."

ದೊರೆ ಅವನನ್ನೇ ನೋಡುತ್ತ ಕೂತ. ನಾನು ಕಣ್ಣು ಮುಚ್ಚಿಕೊಂಡೆ. ಭರ್ಜಿಯ ಸದ್ದಿಗೆ ಕಾದೆ.

"ನಿಜ ಹೇಳೋನು ಒಬ್ಬನಾದ್ರೂ ಇದಾನೆ," ಅಂತ ದೊರೆಯ ದನಿ ಕೇಳಿಸಿತು. "ಮನೆಗೆ ಹೋಗಿ."

ಮನೆಗೆ ಬಂದಾಗ ಎದುರಿಗೆ ಸೊಪ್ಪಿನವನಿರಲಿಲ್ಲ. ಅವನ ಬಾಡಿದ ಸೊಪ್ಪಿನ ಬುಟ್ಟಿ ಮಾತ್ರ ಅಲ್ಲೇ ಇತ್ತು. ಮಡಕೆಯ ಮೀನನ್ನು ಹಾಡುಹಗಲಲ್ಲಿ ಬೀದಿಯ ನಡುವೆ ಹೊತ್ತುಕೊಂಡು ಹೋಗಿ ಕಾಲುವೆಗೆ ಸುರಿದೆ. ತಿರುಗಿ ಬರುವಾಗ ನೋಡಿದರೆ ಹಮ್ಮಾಯ ಓಣಿಯ ಕೊನೆಯಲ್ಲಿ, ಅರ್ದಿಯನ ಮನೆಯ ಹೊಸ್ತಿಲ ಹೊರಗೆ, ತಲೆ ತಗ್ಗಿಸಿ ನಿಂತಿದ್ದಳು. ಬಾಗಿಲು ಇನ್ನೂ ತೆರೆದಿರಲಿಲ್ಲ.

ಮುಂದಿನ ವರ್ಷವೂ ಕೆನ್ನೆಯೇಟಿನ ದಿನ ಸಂಜೆ ಅರಮನೆಯಿಂದ ಮೀನು ಬಂತು. ಈ ಸಲ ಬುಟ್ಟಿಯಲ್ಲಲ್ಲ, ನೀರು ತುಂಬಿದ ದೊಡ್ಡ ಗುಡಾಣದಲ್ಲಿ, ಜೀವಂತ. ದೇವರು ಬರುವ ತನಕ ನೀರು ಬದಲಿಸುತ್ತ, ರೊಟ್ಟಿ ಹಾಕುತ್ತ ಇದ್ದೆ. ಆ ದಿನ ಬಂದಾಗ ಮೊದಲ ತುತ್ತು ನಾನೇ ತಿಂದೆ. ಈಗಲೂ ಪ್ರತಿ ವರ್ಷ ನಾನೇ ತಿನ್ನುತ್ತೇನೆ.